ಎಮ್ಮೆ ಡಾಕ್ಟರ್ ಮಾಡಿದ ಕಂಪ್ಯೂಟರ್ ಚಿಕಿತ್ಸೆ

ಅಫಜಲಪುರ ತಾಲ್ಲೂಕಿನಲ್ಲಿ ನಾನು ಕೈ ಹಾಕದ ಎಮ್ಮೆಯಿಲ್ಲ. ಇದು ಜಂಬವಲ್ಲ, ಉದ್ಯೋಗ. ನಾನು ದನದ ದವಾಖಾನೆಯಲ್ಲಿ ಪಶು ಪರೀಕ್ಷಕ. ಕಾಗದದ ಮೇಲೆ ಪರೀಕ್ಷಕನಾದರೂ ಚೌಡಾಪುರದಿಂದ ಸೊನ್ನದವರೆಗೆ ಜನ ನನ್ನನ್ನು ಕರೆಯುವುದು 'ಡಾಕ್ಟರ್' ಎಂದೇ. ನಾನೂ ತಿದ್ದಲು ಹೋಗುವುದಿಲ್ಲ. ಗೌರವ ತಾನಾಗಿ ಮನೆಗೆ ಬಂದರೆ ಬಾಗಿಲು ಹಾಕಬಾರದು! ಹೊಟ್ಟೆಯಲ್ಲಿ ಅಡ್ಡಬಿದ್ದ ಕರುವನ್ನು ತಿರುಗಿಸಿ ಹೊರಗೆ ಎಳೆದ ಈ ಕೈಗಳಿಗೆ, ತಗಡಿನ ಡಬ್ಬಿಯೊಂದನ್ನು ಬಿಚ್ಚಿ ಒಳಗೆ ಎರಡು ಸಾಮಾನು ಕೂರಿಸುವುದು ಯಾವ ಮಹಾ ಕೆಲಸ? ಹೀಗೆಂದುಕೊಂಡೇ ನಾನು ನಮ್ಮ ಮನೆಯ ಕಂಪ್ಯೂಟರಿಗೆ ಶಸ್ತ್ರಚಿಕಿತ್ಸೆ ಮಾಡಲು ಹೊರಟದ್ದು.

ಆ ಕಂಪ್ಯೂಟರಿಗೆ ಮುಪ್ಪು ಬಂದು ಬಹಳ ದಿನವಾಗಿತ್ತು. ಗುಂಡಿ ಒತ್ತಿ, ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು ಬಂದರೂ ಅದು ಇನ್ನೂ ಕಣ್ಣು ಬಿಡುತ್ತಿರುತ್ತಿತ್ತು. ವಿಡಿಯೋ ಹಾಕಿದರಂತೂ ತುಟಿ ಈಗ ಅಲ್ಲಾಡಿದರೆ ಮಾತು ಚಹಾ ಕುಡಿದಾದ ಮೇಲೆ ಬರುತ್ತಿತ್ತು. ಬೇರೆಯವರಾಗಿದ್ದರೆ ಗುಜರಿಗೆ ಹಾಕುತ್ತಿದ್ದರು. ನಾವು ಹಾಕುವಂತಿರಲಿಲ್ಲ. ಅದರ ಹೊಟ್ಟೆಯಲ್ಲಿ ನಮ್ಮ ಮದುವೆಯ ವಿಡಿಯೋ ಇತ್ತು, ಆ ವಿಡಿಯೋದಲ್ಲಿ ನನ್ನ ಮಾವನವರಿದ್ದರು.

ಮಾವನವರು ಜೇವರ್ಗಿ ಕಡೆಯ ಹಳ್ಳಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದವರು. ಯಾರಾದರೂ ಕ್ಯಾಮೆರಾ ಹಿಡಿದರೆ, "ಮೈಯೆಲ್ಲಾ ಹಿಟ್ಟ ಆಗ್ಯದ, ಬ್ಯಾಡ್ರೆಪಾ" ಎಂದು ಗಿರಣಿಯೊಳಗೆ ಹೊಕ್ಕುಬಿಡುತ್ತಿದ್ದರು. ಈಗ ಅವರಿಲ್ಲ. ಗೋಡೆಯ ಮೇಲಿನ ಫೋಟೋ ಕೂಡ ಮತದಾರರ ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿದ್ದು. ಅದರಲ್ಲಿ ಅವರು ಯಾವುದೋ ಕೇಸಿನಲ್ಲಿ ಸಿಕ್ಕಿಬಿದ್ದವರಂತೆ ಕಾಣುತ್ತಾರೆ. ನಡೆದಾಡುವ, ಮಾತಾಡುವ ಮಾವನವರು ಇರುವುದು ಆ ವಿಡಿಯೋದಲ್ಲಿ ಮಾತ್ರ. ಈ ವರ್ಷದ ಪುಣ್ಯತಿಥಿ ನಮ್ಮ ಮನೆಯಲ್ಲಿ ಎಂದು ನಿಶ್ಚಯವಾದಾಗ ಅತ್ತೆಯವರು ಫೋನಿನಲ್ಲಿ ನನ್ನ ಹೆಂಡತಿ ಸುವರ್ಣಾಗೆ ಹೇಳಿದ ಮಾತು ಒಂದೇ. "ಅವರ ದನಿ ಹ್ಯಾಂಗಿತ್ತಂಬೋದು ಮರೀಲಾಕತ್ತೇನವಾ. ಬಂದಾಗ ಒಂದೀಟು ಕೇಳಸು."

ಆ ಮಾತು ಕೇಳಿ ಸುವರ್ಣಾ ಕಣ್ಣು ಒರೆಸಿಕೊಂಡಳು. ನಾನು ಅಂಗಿಯ ತೋಳು ಮಡಚಿದೆ.

"ಅತ್ತಿಯವರಿಗೆ ಮಾವನವರ ಮಾತು ಎಲ್ಲೂ ನಿಂದರಲಾರದಂಗ ಕೇಳಸ್ತೇನಿ. ಮೆಮರಿ ಹೊಸಾದು, ಡಿಸ್ಕ್ ಹೊಸಾದು. ಕಂಪ್ಯೂಟರ್ ಹ್ಯಾಂಗ ಓಡ್ತದ ನೋಡು!"

"ಯಾರನ್ನರ ತಿಳದವರನ್ನ ಕರಸ್ರಿ" ಎಂದಳು.

"ತಿಳದವರಂದ್ರ? ನಾ ಯಾರು?"

"ನೀವು ಎಮ್ಮಿ ಡಾಕ್ಟರ್."

"ನನ್ನ ಮ್ಯಾಲ ನಂಬಿಕಿ ಇಲ್ಲೇನು?"

"ಇಲ್ಲ."

ನಮ್ಮ ಸಂಸಾರದಲ್ಲಿ ಯಾವ ಪ್ರಶ್ನೆಗೂ ಇಷ್ಟು ಚುಟುಕಾದ ಉತ್ತರ ಅದುವರೆಗೆ ಬಂದಿರಲಿಲ್ಲ. ವಿಡಿಯೋವನ್ನು ಮೊದಲು ಪೆನ್ ಡ್ರೈವಿಗೆ ಹಾಕಿಡಿ ಎಂದೂ ಅವಳು ಹೇಳಿದಳು. ಅದು ನನ್ನ ವೃತ್ತಿಗೌರವದ ಪ್ರಶ್ನೆಯಾಗಿದ್ದರಿಂದ ನಾನು ಒಪ್ಪಲಿಲ್ಲ.

ಕಲಬುರಗಿಗೆ ಹೋಗಿ ಅಂಗಡಿಯಲ್ಲಿ ನಿಂತೆ. ಅಂಗಡಿಯವನು, "ಹಳೇ ಮೆಮರಿ ಯಾವ ನಮೂನಿದು ಅದರಿ ಸರ್? ಬಿಚ್ಚಿ ತಂದೀರೇನು?" ಎಂದು ಕೇಳಿದ. ಇಂಥ ಸಣ್ಣ ವಿಷಯಗಳಿಗೆ ನಾನು ತಲೆ ಕೆಡಿಸಿಕೊಳ್ಳುವವನಲ್ಲ. ಮೇವು ಹೆಚ್ಚಾದರೆ ಹಾಲು ಹೆಚ್ಚು, ಇದು ನನ್ನ ಶಾಸ್ತ್ರ. "ಎಲ್ಲಕ್ಕಿಂತ ಹೊಸಾದು, ಎಲ್ಲಕ್ಕಿಂತ ದೊಡ್ಡದು ಕೊಡ್ರಿ" ಎಂದೆ. ಕೊಟ್ಟ. ಮೆಮರಿ ಎಂದರೆ ಗೇಣುದ್ದವೂ ಇಲ್ಲದ ಒಂದು ಹಸಿರು ಪಟ್ಟಿ. ಹೊಸ ಡಿಸ್ಕ್ ಅದಕ್ಕಿಂತ ಹಗುರ. ಖಾಲಿ ಡಬ್ಬಿ ಕೊಟ್ಟನೇನೋ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾ ಬಂದೆ.

ಭಾನುವಾರ ಬೆಳಿಗ್ಗೆ ಪಡಸಾಲೆಯಲ್ಲಿ ಶಸ್ತ್ರಚಿಕಿತ್ಸೆ ಆರಂಭವಾಯಿತು. ಪಕ್ಕದ ಮನೆಯ ಖಾಜಾಭಾಯಿ ಕುರ್ಚಿ ಎಳೆದುಕೊಂಡು ಬಂದು ಕೂತರು. ಅವರು ಆಯುಷ್ಯವೆಲ್ಲ ಬಸ್ಸು ಓಡಿಸಿ ನಿವೃತ್ತರಾದವರು. ಲೋಕದ ಸಕಲ ವಸ್ತುಗಳೂ ಅವರಿಗೆ ಬಸ್ಸಿನಂತೆಯೇ ಕಾಣುತ್ತವೆ.

"ಡಾಕ್ಟರ್‌ಸಾಬ್, ಹಳೇ ಬಸ್ಸಿಗೆ ಹೊಸಾ ಇಂಜಿನ್ ಹಾಕಿದ್ರ ಏನಾಗ್ತದ ಗೊತ್ತದೇನು? ಇಂಜಿನ್ ಮುಂದ ಹೋಗ್ತದ, ಬಸ್ ಅಲ್ಲೇ ನಿಂದರ್ತದ!"

ದೊಡ್ಡ ಪ್ರಾಣಿಯ ಮೈಮೇಲೆ ಕೈ ಹಾಕುವ ಮುನ್ನ ಅದರ ಬೆನ್ನು ಸವರಬೇಕು. ಕಂಪ್ಯೂಟರಿನ ಬೆನ್ನು ಸವರಿದೆ. ಒದೆಯಲಿಲ್ಲ. ಮುಚ್ಚಳ ತೆಗೆದೆ. ಒಳಗೆ ಒಂದು ಹಲ್ಲಿ ತುಂಬು ಸಂಸಾರ ಹೂಡಿತ್ತು. ಅದನ್ನು ಗೌರವದಿಂದ ಬೀಳ್ಕೊಟ್ಟು, ಇಂಜೆಕ್ಷನ್ನಿಗೆ ಇಟ್ಟಿದ್ದ ಸ್ಪಿರಿಟ್ಟು, ಹತ್ತಿಯಿಂದ ಎಲ್ಲವನ್ನೂ ಒರೆಸಿ, ಹಳೆಯ ಮೆಮರಿ ಕಿತ್ತು ಹೊಸದನ್ನು ಕೂರಿಸಿದೆ.

ಕೂರಲಿಲ್ಲ. ಪಟ್ಟಿಯಲ್ಲಿರುವ ಕಚ್ಚು ಒಂದು ಕಡೆ, ಸಂದಿಯಲ್ಲಿರುವ ಉಬ್ಬು ಇನ್ನೊಂದು ಕಡೆ. ಬುದ್ಧಿವಂತನಾದವನು ಇಲ್ಲಿ ನಿಲ್ಲುತ್ತಿದ್ದ. ನಾನು ಚೀಲಕ್ಕೆ ಕೈ ಹಾಕಿ, ಎತ್ತಿನ ಗೊರಸು ಉಜ್ಜುವ ಅರವನ್ನು ತೆಗೆದೆ. ಗೊರಸು ಬೆಳೆದರೆ ಉಜ್ಜುತ್ತೇವೆ, ಕಚ್ಚು ಕಡಿಮೆಯಾದರೆ ಬೆಳೆಸುತ್ತೇವೆ, ಅಷ್ಟೇ! ಚೆನ್ನಾಗಿ ಉಜ್ಜಿ, ಉಫ್ ಎಂದು ಊದಿ, ಹೆಬ್ಬೆರಳಿನಿಂದ ಅದುಮಿದೆ. ಕೂತಿತು. ಗುಂಡಿ ಒತ್ತಿದೆ.

ಕಂಪ್ಯೂಟರ್ ಕೂಗಿತು. ನನ್ನ ವೃತ್ತಿಜೀವನದಲ್ಲಿ ಎಷ್ಟೋ ಪ್ರಾಣಿಗಳ ನೋವಿನ ಕೂಗು ಕೇಳಿದ್ದೇನೆ, ಇಂಥದ್ದು ಕೇಳಿರಲಿಲ್ಲ. ಬೀಂಯ್! ಬೀಂಯ್! ಬೀಂಯ್! ಓಣಿಯ ನಾಯಿಗಳೆಲ್ಲ ಉತ್ತರ ಕೊಟ್ಟವು. ಖಾಜಾಭಾಯಿ ಅಭ್ಯಾಸಬಲದಿಂದ ಎದ್ದು ನಿಂತು, "ರಿವರ್ಸ್ ಬರಾಕತ್ತದ, ಹಿಂದ ಸರೀರೆಪೋ!" ಎಂದರು. ನಾನು ತಂತಿ ಕಿತ್ತುಬಿಟ್ಟೆ.

ಮರುದಿನ ಮತ್ತೆ ಕಲಬುರಗಿ. ಅಂಗಡಿಯವನು ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಇದಕ್ಕ ಏನಾಗ್ಯದ್ರಿ ಸರ್?"

"ಇಲಿ ಕಡದದ್ರಿ" ಎಂದೆ.

"ಬಾಳ ಅಳತಿ ಹಿಡದು ಕಡದದ ನೋಡ್ರಿ!"

ಅವನು ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಈ ಸಲ ನಾನು ಹಳೆಯ ಪಟ್ಟಿಯನ್ನೂ ಒಯ್ದಿದ್ದೆ. ಅದರ ಜಾತಿಯದನ್ನೇ ಹುಡುಕಿ ಕೊಟ್ಟ. ಮನೆಗೆ ಬಂದು ಕೂರಿಸಿದರೆ ಹೂವಿನಂತೆ ಕೂತಿತು. ಕಂಪ್ಯೂಟರ್ ಕೂಗಲಿಲ್ಲ, ನರಳಲಿಲ್ಲ, ಸುಮ್ಮನೆ ಎದ್ದಿತು. ಸುವರ್ಣಾಳ ಮುಖದಲ್ಲಿ ಅಪರೂಪಕ್ಕೆ ಒಂದು ಮೆಚ್ಚುಗೆ ಕಂಡಿತು. ಆ ರಾತ್ರಿ ನನಗೆ ಬಿಸಿ ರೊಟ್ಟಿಯ ಮೇಲೆ ಕೇಳದೆಯೇ ಬೆಣ್ಣೆ ಬಿತ್ತು. ನಾನು ಇಲ್ಲಿಗೆ ನಿಲ್ಲಿಸಬೇಕಾಗಿತ್ತು. ಬೆಣ್ಣೆ ತಿಂದ ಗಂಡಸು ಎಂದಾದರೂ ನಿಂತಿದ್ದುಂಟೆ?

ಉಳಿದದ್ದು ಡಿಸ್ಕ್. ಹಳೆಯ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಹೊಸದಕ್ಕೆ ನಕಲು ಮಾಡಬೇಕು, ಆಮೇಲೆ ಹಳೆಯದನ್ನು ತೆಗೆಯಬೇಕು. ಅದಕ್ಕೊಂದು ಸಾಫ್ಟ್‌ವೇರ್ ಇದೆ ಎಂದು ಫೋನಿನಲ್ಲಿ ವಿಡಿಯೋವೊಂದನ್ನು ನೋಡಿ ತಿಳಿದಿದ್ದೆ. ಮಂಗಳವಾರ ಬೆಳಿಗ್ಗೆ ಎರಡೂ ಡಿಸ್ಕುಗಳನ್ನು ಜೋಡಿಸಿ ಅದನ್ನು ತೆರೆದೆ. ಪರದೆಯ ಮೇಲೆ ಎರಡು ಚೌಕ ಬಂದವು, ಎಡಕ್ಕೊಂದು, ಬಲಕ್ಕೊಂದು. ಕೊಡುವ ಡಿಸ್ಕನ್ನು ಒಂದರಲ್ಲಿ, ತೆಗೆದುಕೊಳ್ಳುವ ಡಿಸ್ಕನ್ನು ಇನ್ನೊಂದರಲ್ಲಿ ಹಾಕಬೇಕು. ಯಾವುದು ಯಾವುದರಲ್ಲಿ? ಮೇಲೆ ಇಂಗ್ಲಿಷಿನಲ್ಲಿ ಇರುವೆ ಸಾಲಿನಂತೆ ಏನೋ ಬರೆದಿತ್ತು. ಕನ್ನಡಕ ಒಳಕೋಣೆಯಲ್ಲಿತ್ತು. ಎದ್ದು ಹೋಗಿ ತರಬಹುದಿತ್ತು. ನಾನು ಅದರ ಬದಲು ವಿಚಾರ ಮಾಡಿದೆ.

"ಖಾಜಾಭಾಯಿ, ಕೊಡೋದು ಯಾವ ಕೈಲೆ?"

"ಅರೇ, ಇದೇನ್ ಕೇಳ್ತೀರಿ ಡಾಕ್ಟರ್‌ಸಾಬ್! ದಾನ ಇರ್ಲಿ, ಟಿಕೀಟ್ ಇರ್ಲಿ, ಕೊಡೋದು ಬಲಗೈಲೇನೇ. ಎಡಗೈಲೆ ಕೊಟ್ರ ಯಾರ್ ತಗೊಂತಾರ?"

ನಮ್ಮ ಮನೆಯಲ್ಲೂ ಅದೇ ಪದ್ಧತಿ. ಅರಿಷಿಣ ಕುಂಕುಮದಿಂದ ಹಿಡಿದು ಅಂಗಡಿಯ ಚಿಲ್ಲರೆಯವರೆಗೆ ಎಡಗೈ ಮುಂದೆ ಮಾಡಿದರೆ ನನ್ನ ಅವ್ವ ಕೈಮೇಲೆ ಹೊಡೆಯುತ್ತಿದ್ದಳು. ಆದ್ದರಿಂದ ಕೊಡುವ ಹಿರಿಯ ಡಿಸ್ಕನ್ನು ಬಲಗಡೆ, ತೆಗೆದುಕೊಳ್ಳುವ ಹೊಸ ಡಿಸ್ಕನ್ನು ಎಡಗಡೆ ಕೂರಿಸಿದೆ. ಈ ವಿಷಯದಲ್ಲಿ ಎರಡೂ ಧರ್ಮಗಳು ಒಪ್ಪಿದ್ದವು. ಒಪ್ಪದೆ ಇದ್ದದ್ದು ಆ ಸಾಫ್ಟ್‌ವೇರ್ ಒಂದೇ!

ಮಧ್ಯದಲ್ಲಿ ಅದು ಕೆಂಪಕ್ಷರದಲ್ಲಿ ಏನೋ ಕೇಳಿತು. ಕೆಂಪಕ್ಷರದಲ್ಲಿ ಬಂದದ್ದಕ್ಕೆಲ್ಲ 'ಯಸ್' ಒತ್ತುವುದು ನನ್ನ ರೂಢಿ. ಒತ್ತಿದೆ. ಕಂಪ್ಯೂಟರ್ ತಾನೇ ಆರಿ ತಾನೇ ಹೊತ್ತಿಕೊಂಡು ಕೆಲಸಕ್ಕೆ ನಿಂತಿತು. ತಾಸುಗಟ್ಟಲೆ ಹಿಡಿಯುತ್ತದೆ ಎಂದು ಫೋನಿನ ವಿಡಿಯೋದಲ್ಲಿ ಹೇಳಿದ್ದರು. ನಮ್ಮದು ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮುಗಿಯಿತು.

"ನೋಡಿದ್ರೇನು ಖಾಜಾಭಾಯಿ, ಮೆಮರಿ ಪ್ರಭಾವ!" ಎಂದೆ.

ಹೆಮ್ಮೆಯಿಂದ ಮತ್ತೆ ಗುಂಡಿ ಒತ್ತಿದೆ. ಕಪ್ಪು ಪರದೆ. ಮೇಲ್ಗಡೆ ಒಂದೇ ಒಂದು ಬಿಳಿ ಸಾಲು. ಈಗ ಕನ್ನಡಕ ತಂದು ಓದಿದೆ. ಕಂಪ್ಯೂಟರಿನಲ್ಲಿ ಏನೂ ಇಲ್ಲ ಎಂಬುದು ಅದರ ಸಾರಾಂಶ. ಹೊಸ ಡಿಸ್ಕಿನಲ್ಲಿದ್ದ ಖಾಲಿಯನ್ನು ನಾನು ಬಹಳ ಶ್ರದ್ಧೆಯಿಂದ ಹಳೆಯ ಡಿಸ್ಕಿನ ಮೇಲೆ ನಕಲು ಮಾಡಿದ್ದೆ!

ಅಂಗಡಿಯವನಿಗೆ ಫೋನು ಮಾಡಿದೆ. "ಅಳಿಸಿದ್ದು ತಿರುಗಿ ತೆಗೀಬೇಕಂದ್ರ ಡಿಸ್ಕ್ ಹೈದರಾಬಾದಿಗೆ ಕಳಿಸ್ಬೇಕಾಗ್ತದ್ರಿ ಸರ್. ಬಾಳ ದಿನ ಹಿಡೀತದ. ಬಂದ್ರ ಬಂತು, ಇಲ್ಲಾಂದ್ರ ಇಲ್ಲ" ಎಂದ. ಆಮೇಲೆ, "ಇಲಿ ಏನರ ಮತ್ತ..." ಎಂದು ಶುರು ಮಾಡಿದ. ಫೋನಿಟ್ಟೆ. ಅತ್ತೆಯವರು ಗುರುವಾರ ಬರುವವರಿದ್ದರು. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಸತ್ತ ಮನುಷ್ಯನನ್ನು ಎರಡನೆಯ ಸಲ ಕಳೆದವನು ನಾನೊಬ್ಬನೇ ಇರಬೇಕು.

ಮಂಗಳವಾರವಿಡೀ ಕಂಪ್ಯೂಟರಿನ ಮೇಲೆ ಟವೆಲ್ ಹೊದಿಸಿಟ್ಟೆ. ಸುವರ್ಣಾ ಕೇಳಿದಾಗಲೆಲ್ಲ "ನಕಲು ಆಗಾಕತ್ತದ, ಸಾವಕಾಶ ಆಗ್ತದ" ಎನ್ನುತ್ತಿದ್ದೆ. ಬುಧವಾರ ಬೆಳಿಗ್ಗೆ ಅವಳು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಖಾಜಾಭಾಯಿ ಗೋಡೆಯ ಮೇಲಿಂದ ತಲೆಯೆತ್ತಿ, ಕಳಕಳಿಯಿಂದ, ಓಣಿಗೆಲ್ಲ ಕೇಳುವಂತೆ ವಿಚಾರಿಸಿದರು.

"ಡಾಕ್ಟರ್‌ಸಾಬ್! ಮಾವನವರು ಸಿಕ್ರೇನ್ರಿ?"

ಸುವರ್ಣಾಳ ಕೈಯಿಂದ ನನ್ನ ಅಂಗಿ ಜಾರಿತು. ಎಲ್ಲ ಹೇಳಿದೆ. ಬಲಗೈ ಶಾಸ್ತ್ರವನ್ನೂ ಹೇಳಿದೆ. ಅವಳು ಬೈಯಲಿಲ್ಲ. ಕಟ್ಟೆಯ ಮೇಲೆ ಕೂತುಬಿಟ್ಟಳು. "ಅವ್ವಗ ಏನ್ ಹೇಳ್ಲಿ?" ಎಂದಳು. ಅವಳು ಬೈದಿದ್ದರೆ ನಾನು ಸುಖವಾಗಿರುತ್ತಿದ್ದೆ. ಆಮೇಲೆ ಅವಳ ಮುಖ ಒಮ್ಮೆಲೇ ಬೆಳಗಿತು.

"ಸೀಡಿ ಅವಲ್ಲ! ಮದವಿ ಸೀಡಿ, ಮೂರೂ! ಟ್ರಂಕಿನಾಗ ಅವ!"

"ಟ್ರಂಕಿನಾಗ ಇಲ್ಲ" ಎಂದೆ.

"ಮತ್ತ ಎಲ್ಲಿ ಅವ?"

"ಸೊನ್ನದಾಗ."

"ಸೊನ್ನದಾಗ ನಿಮ್ಮಣ್ಣನ ಮನ್ಯಾಗ?"

"ಮನ್ಯಾಗ ಅಲ್ಲ. ಹೊಲದಾಗ."

ಓದುಗರಿಗೆ ಇಲ್ಲಿ ನನ್ನ ಪಕ್ಷವನ್ನು ತಿಳಿಸಬೇಕು. ನನ್ನ ಅಣ್ಣ ಶರಣಪ್ಪನ ಜೋಳದ ತೆನೆ ಹಾಲುಗಾಳು ಹಿಡಿದಿತ್ತು. ಹಕ್ಕಿಗಳ ಕಾಟ ವಿಪರೀತ. ದಾರ ಕಟ್ಟಿ ಸಿ.ಡಿ. ತೂಗುಹಾಕಿದರೆ ಬಿಸಿಲಿಗೆ ಮಿಂಚುತ್ತವೆ, ಹಕ್ಕಿ ಬರುವುದಿಲ್ಲ. ನಮ್ಮ ಕಡೆ ಈಗ ಎಲ್ಲರೂ ಮಾಡುವುದು ಅದನ್ನೇ. ಹೇಗೂ ವಿಡಿಯೋ ಕಂಪ್ಯೂಟರಿನಲ್ಲಿ ಭದ್ರವಾಗಿದೆಯಲ್ಲ ಎಂದು ನಾನು ಮನೆಯಲ್ಲಿದ್ದ ಹಳೆಯ ಸಿ.ಡಿ.ಗಳನ್ನೆಲ್ಲ ಉದಾರ ಮನಸ್ಸಿನಿಂದ ಅವನಿಗೆ ಕೊಟ್ಟಿದ್ದೆ. ಅತ್ತೆಯವರ ಮನೆಯಲ್ಲಿದ್ದ ಇನ್ನೊಂದು ಜೊತೆಯನ್ನು ಸೊಲ್ಲಾಪುರದ ಬೀಗರೊಬ್ಬರು ನೋಡಿ ಕೊಡುತ್ತೇವೆಂದು ಒಯ್ದಿದ್ದರು. ಇನ್ನೂ ನೋಡುತ್ತಲೇ ಇದ್ದಾರೆ.

"ನಮ್ಮ ಮದವಿ ಒಯ್ದು ಹೊಲದಾಗ ತೂಗಹಾಕೀರಿ?" ಎಂದಳು ಸುವರ್ಣಾ. ನಾನು ಬೈಕಿನ ಕೀಲಿ ಹುಡುಕತೊಡಗಿದೆ.

ಬೈಕ್ ಹತ್ತಿ ಸೊನ್ನಕ್ಕೆ ಹೋದೆವು. ದಾರಿಯಲ್ಲಿ ಅವಳು ನನ್ನ ಹೆಗಲು ಹಿಡಿಯಲಿಲ್ಲ, ಹಿಂದಿನ ಕಬ್ಬಿಣ ಹಿಡಿದು ಕೂತಳು. ಶರಣಪ್ಪಣ್ಣ ಬದುವಿನ ಮೇಲೆ ಎಳೆ ತೆನೆ ಸುಟ್ಟು ಸೀತನಿ ಮಾಡುತ್ತಿದ್ದ. ನಮ್ಮನ್ನು ಕಂಡು ಅವನಿಗೆ ಎಲ್ಲಿಲ್ಲದ ಸಂತೋಷ.

"ಬರ್ರಿ ಬರ್ರಿ! ತಮ್ಮಾ, ನೀ ಕೊಟ್ಟ ಸೀಡಿ ಬಾಳ ಚೊಲೊ ಅವ ನೋಡು. ಉಳದವಕ್ಕ ಹಕ್ಕಿ ಅಂಜಂಗಿಲ್ಲ. ನಿಮ್ಮ ಮದವಿ ಸೀಡಿಗೆ ಮಾತ್ರ ಬಾಳ ಅಂಜತಾವ!"

ಆಳೆತ್ತರದ ಜೋಳದಲ್ಲಿ ನಾವು ಗಂಡ ಹೆಂಡತಿ ನಮ್ಮ ಮದುವೆಯನ್ನು ಹುಡುಕುತ್ತಾ ಹೊಕ್ಕೆವು. ಬಿಸಿಲಿಗೆ ಎಲ್ಲ ಸಿ.ಡಿ.ಗಳ ಹಣೆಬರಹವೂ ಮಾಸಿಹೋಗಿತ್ತು. ಕಿತ್ತುಕೊಂಡು ಬದುವಿಗೆ ಬಂದು ತಿರುಗಿಸಿ ನೋಡಬೇಕು. ಒಂದು ಕೃಷಿ ಇಲಾಖೆಯದು, ಒಂದು ಮಕ್ಕಳ ಆಟದ್ದು. ಅಣ್ಣ ನಾವು ಕಿತ್ತ ಜಾಗ ನೋಡಿಕೊಂಡು ಹಿಂದಿನಿಂದಲೇ ಹಕ್ಕಿ ಓಡಿಸಲು ಕೂಗು ಹಾಕುತ್ತಾ ಬರುತ್ತಿದ್ದ. ಕೊನೆಗೆ ಸುವರ್ಣಾಗೆ ಬೆದರುಗೊಂಬೆ ಕಂಡಿತು. ಅದಕ್ಕೆ ಕಣ್ಣಾಗಿ ಕಟ್ಟಿದ್ದ ಎರಡು ಸಿ.ಡಿ.ಗಳ ಅಂಚಿನಲ್ಲಿ ಮದುವೆಯ ಸ್ಟುಡಿಯೋದವರು ಅಂಟಿಸಿದ್ದ ಗುಲಾಬಿ ಕಾಗದದ ಚೂರು ಇನ್ನೂ ಉಳಿದಿತ್ತು.

"ಮೂರನೇದು?" ಎಂದು ಅಣ್ಣನನ್ನು ಕೇಳಿದೆ.

"ಅದನ್ನ ಕಬ್ಬಿನ ಟ್ರ್ಯಾಕ್ಟರಿನವ ಹಿಂದ ಕಟ್ಟಗೊಂಡು ಹೋದ. ಲೈಟ್ ಬಿದ್ರ ಮಿಂಚತದಲ್ಲ!"

ಹೀಗೆ ನಮ್ಮ ಮದುವೆಯ ಮೂರನೆಯ ಒಂದು ಪಾಲು ಸಕ್ಕರೆ ಕಾರ್ಖಾನೆಗೆ ಹೋಗಿತ್ತು. ಮಾವನವರು ಯಾವ ಪಾಲಿನಲ್ಲಿದ್ದಾರೆ ಎಂಬುದು ದೇವರಿಗೇ ಗೊತ್ತು.

ಗುರುವಾರ ಅತ್ತೆಯವರು ಬಂದರು. ಪೂಜೆ, ಊಟ ಮುಗಿಯಿತು. ನಾನು ಸಾಮಾನು ಹಾಕಿ ಅಣಿಗೊಳಿಸಿದ ಕಂಪ್ಯೂಟರ್ ಟವೆಲ್ಲಿನ ಕೆಳಗೆ ಗಾಢ ನಿದ್ದೆಯಲ್ಲಿತ್ತು. ಖಾಜಾಭಾಯಿ ಕವ್ವಾಲಿ ಕೇಳಲು ಇಟ್ಟುಕೊಂಡಿದ್ದ ಹಳೆಯ ಪ್ಲೇಯರನ್ನು ತಾವೇ ಹೊತ್ತು ತಂದು ಟಿವಿಗೆ ಜೋಡಿಸಿದರು. ಆಗಿದ್ದದ್ದನ್ನು ಸುವರ್ಣಾ ತಾಯಿಗೆ ಮೊದಲೇ ಹೇಳಿದ್ದಳು. ಅತ್ತೆಯವರು ನನ್ನನ್ನು ನೋಡಿ, "ಇರ್ಲಿ ಬಿಡ್ರಿ ಅಳಿಯಾರ, ಇದ್ರ ನೋಡಮು" ಎಂದರು. ಆದರೆ ಅವರ ಕೈ ಸೆರಗಿನ ತುದಿಯನ್ನು ಸುತ್ತುತ್ತಲೇ ಇತ್ತು.

ಮೊದಲ ಸಿ.ಡಿ.ಯಲ್ಲಿ ಊಟದ ಪಂಕ್ತಿ. ಯಾರ್‍ಯಾರೋ ಉಣ್ಣುತ್ತಿದ್ದರು. ಮಾತಿಲ್ಲ, ಬರೀ ಕೊರಕೊರ ಸದ್ದು. ಸ್ವಲ್ಪ ಹೊತ್ತು ಉಂಡು ಅದೂ ನಿಂತಿತು. ಖಾಜಾಭಾಯಿ ಎರಡನೆಯದನ್ನು ಪಂಚೆಯ ತುದಿಯಿಂದ ಒರೆಸಿ, 'ಬಿಸ್ಮಿಲ್ಲಾ' ಎಂದು ಹಾಕಿದರು. ಹಸಿರು, ನೇರಳೆ ಚೌಕಗಳು ಕುಣಿದವು. ಆಮೇಲೆ ಹಂದರ ಕಂಡಿತು.

ಹಂದರದಲ್ಲಿ ಹೆಂಗಸರು ಮದುಮಗಳ ಕೈಗೆ ಮೈಕ್ ಕೊಟ್ಟು ಗಂಡನ ಹೆಸರು ಹೇಳೆಂದು ಕಾಡುತ್ತಿದ್ದರು. ಮೈಕ್ ಕರ್ರ್ ಎಂದು ಒದರಿತು. ಆಗ ಹಣೆಗೆ ಬಾಸಿಂಗ ಕಟ್ಟಿಕೊಂಡ ಒಬ್ಬ ತೆಳ್ಳನೆಯ ಮದುಮಗ ಗಂಭೀರವಾಗಿ ಕೈ ಚಾಚಿ ಆ ಮೈಕನ್ನು ತೆಗೆದುಕೊಂಡ. ಮದುಮಗನೆಂದು ತನ್ನ ಕೈಗೆ ಕೊಟ್ಟಿದ್ದ ಕಟಾರಿಯ ತುದಿಯಿಂದ ಲಿಂಬೆಹಣ್ಣು ಕಿತ್ತು ಪಕ್ಕಕ್ಕಿಟ್ಟ. ಕಟಾರಿಯಿಂದ ಮೈಕಿನ ತಿರುಪು ಬಿಚ್ಚತೊಡಗಿದ. ಸ್ಪ್ರಿಂಗು ಹಾರಿ ಭಟ್ಟರ ತಲೆಯ ಮೇಲೆ ಬಿತ್ತು. ಆ ಮದುಮಗ ನಾನೇ! ಇದು ನಡೆದದ್ದೇ ನನಗೆ ಮರೆತುಹೋಗಿತ್ತು.

ಅಷ್ಟರಲ್ಲಿ ಬಿಳಿ ರುಮಾಲಿನ ಮಾವನವರು ಚೌಕಟ್ಟಿನೊಳಗೆ ನುಗ್ಗಿ ಬಂದರು. ಅತ್ತೆಯವರು ಟಿವಿಯ ಹತ್ತಿರ ಸರಿದರು. ಮಾವನವರು ಕ್ಯಾಮೆರಾ ಮರೆತು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಏ ಯಪ್ಪಾ! ಅಳಿಯದೇವ್ರ ಕೈಯಾಗ ಏನೂ ಕೊಡಬ್ಯಾಡ್ರೋ! ಇವರು ಮೊದ್ಲ ಬಿಚ್ಚತಾರ, ಆಮ್ಯಾಲ ಕೇಳತಾರ! ಸುವರ್ಣಾ, ನಿಮ್ಮ ಮನ್ಯಾಗ ಪಾನಾ, ಪಕ್ಕಡ, ಸ್ಕ್ರೂಡ್ರೈವರ್ ಎಲ್ಲಾ ಬಚ್ಚಿಡವಾ!"

ಅಲ್ಲಿಗೆ ಚಿತ್ರ ಒಡೆಯಿತು. ಅತ್ತೆಯವರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ. ಎರಡೂ ಇತ್ತು. "ಹೌದವಾ, ಹಿಂಗಽ ಇತ್ತು ಅವರ ದನಿ. ಹಿಂಗಽ ನಗತಿದ್ರು" ಎಂದರು. ನನ್ನ ಕಣ್ಣೂ ಒದ್ದೆಯಾಯಿತು, ಸುಳ್ಳೇಕೆ ಹೇಳಲಿ.

ನಾನು ಸುವರ್ಣಾಳ ಕಡೆ ತಿರುಗಿದೆ. "ವರ್ಷಾ ವರ್ಷಾ ನಮ್ಮ ಮದವಿ ದಿನ ಇದನ್ನ ಹಚ್ಚತೀವಿ, ನಾ ಇದನ್ನ ಒಮ್ಮೆನೂ ನೋಡಿಲ್ಲಲ್ಲ?"

"ನಿಮಗ ಬ್ಯಾಸರ ಆದೀತಂತ, ಈ ಜಾಗಾ ಬಂದಾಗೊಮ್ಮೆ ನಿಮ್ಮನ್ನ ಹಾಲು ತರಾಕ ಕಳಸ್ತಿದ್ದೆ" ಎಂದಳು ಅವಳು, ಬಹಳ ಮೆತ್ತಗೆ.

ಅತ್ತೆಯವರು ಕಣ್ಣೊರೆಸಿಕೊಂಡು, "ಇನ್ನೊಮ್ಮೆ ಹಚ್ಚರಿ" ಎಂದರು. ಪ್ಲೇಯರ್ ನನ್ನ ಪಕ್ಕದಲ್ಲೇ ಇತ್ತು. ನಾನು ಕೈ ಚಾಚಿದೆ.

"ಮುಟ್ಟಬ್ಯಾಡ್ರಿ!" ಎಂದು ಅತ್ತೆ, ಹೆಂಡತಿ, ಖಾಜಾಭಾಯಿ ಒಂದೇ ಉಸಿರಿಗೆ ಕೂಗಿದರು.

ನಾನು ಚೊಂಬು ತೆಗೆದುಕೊಂಡು ಹಾಲು ತರಲು ಹೊರಟೆ.